ಕಂಬಗಳ ನಡುವೆ ಹಾಕಿದ ಮಂಚ

ವಿಶಾಖಪಟ್ಟಣಕ್ಕೆ ಬಂದ ಹೊಸದರಲ್ಲಿ ಸ್ಟಿಲ್ಟ್ ಅಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಮಗಳು ನೇಹಾ ಫೋನಿನಲ್ಲಿ ಹುಡುಕಿ, 'ಮರಗಾಲು ಅಂತಿದೆ ಅಮ್ಮಾ' ಎಂದಳು. ಮರಗಾಲು ನನಗೆ ಗೊತ್ತು. ನಮ್ಮ ಕೃಷ್ಣರಾಜನಗರದ ಕಡೆ ಕಾಲಿಗೆ ಗಳ ಕಟ್ಟಿಕೊಂಡು ಕುಣಿಯುತ್ತಿದ್ದರು. ಉದ್ದ ಕಾಲಿನ ಯಾವುದೋ ನೀರುಹಕ್ಕಿಗೂ ಅದೇ ಹೆಸರಂತೆ. ಇಲ್ಲಿ ಎಂವಿಪಿ ಕಾಲೋನಿಯಲ್ಲಿ ಅಪಾರ್ಟ್‌ಮೆಂಟುಗಳೇ ಕಂಬಗಳ ಮೇಲೆ ನಿಂತಿವೆ. ಆ ಕಂಬಗಳ ನಡುವಿನ ಜಾಗವೇ ಸ್ಟಿಲ್ಟ್. ಸ್ಕೂಟರು ನಿಲ್ಲಿಸುವುದು ಅಲ್ಲಿ, ಗಣಪತಿ ಕೂರಿಸುವುದು ಅಲ್ಲಿ, ಮೀಟಿಂಗು ಕರೆದು ನೀರಿಗಾಗಿ ಜಗಳವಾಡುವುದು ಅಲ್ಲಿ. ಹೆಣ ಇಡುವುದೂ ಅಲ್ಲೇ.

ಬಾಡಿಗೆಯವರ ಹೆಣ. ಅದನ್ನು ಬಿಡಿಸಿಯೇ ಹೇಳಬೇಕು. ಬಾಡಿಗೆ ಮನೆಯೊಳಗೆ ಸಾವಾದರೆ ಸೂತಕ, ನಕ್ಷತ್ರ ಕೆಟ್ಟದ್ದಾದರೆ ತಿಂಗಳುಗಟ್ಟಲೆ ಬೀಗ. ಆಮೇಲೆ ಆ ಮನೆಗೆ ಯಾರು ಬರುತ್ತಾರೆ ಎಂಬ ಭಯಕ್ಕೆ ಎಷ್ಟೋ ಓನರುಗಳು ಒಪ್ಪುವುದಿಲ್ಲ. ಆಸ್ಪತ್ರೆಯಿಂದ ಬಂದ ದೇಹ ಸ್ಟಿಲ್ಟಿನಲ್ಲೇ ಇದ್ದು ಅಲ್ಲಿಂದಲೇ ಹೊರಡುತ್ತದೆ. ನಮ್ಮ ಕಡೆಯೂ ನಕ್ಷತ್ರ ನೋಡುತ್ತಾರೆ, ನಾನೇನು ಆಕಾಶದಿಂದ ಉದುರಿದವಳಲ್ಲ. ಆದರೂ ಬೈಕುಗಳ ಮಧ್ಯೆ ಮನುಷ್ಯರನ್ನು ಮಲಗಿಸುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಹೋದ ವರ್ಷ ಎರಡನೇ ಮಹಡಿಯ ಮೇಷ್ಟ್ರನ್ನು ಹಾಗೇ ಮಲಗಿಸಿದ್ದರು. ನೋಡಲು ಇಳಿದು ಬಂದಿದ್ದ ನನ್ನ ಅತ್ತೆ ಅನಸೂಯಮ್ಮ ಮೇಲೆ ಹೋದವರೇ ನನ್ನ ಕೈ ಹಿಡಿದುಕೊಂಡರು.

'ಸೀತಾ, ನನ್ನ ಅಲ್ಲಿ ಮಲಗಿಸ್ಬೇಡ ಕಣೇ,' ಎಂದರು. 'ಪೆಟ್ರೋಲ್ ವಾಸ್ನೆ ಅಲ್ಲಿ. ನಾನು ನನ್ ರೂಮಲ್ಲೇ ಹೋಗ್ಬೇಕು.'

ಆಗಲಿ ಅತ್ತೆ ಅಂದೆ. ಅಂದ ಮೇಲೆ ಮುಗಿಯಿತು.

ಈ ಸಲ ಶಿವರಾತ್ರಿ ಕಳೆಯುತ್ತಲೇ ಅವರ ಕಿಡ್ನಿ ಕೈಕೊಟ್ಟಿತು. ಇನ್ನು ಇಲ್ಲಿಟ್ಟುಕೊಂಡು ಪ್ರಯೋಜನವಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ನನ್ನ ಗಂಡ ಧನಂಜಯ ಬಂದರಿನಲ್ಲಿ ಇಂಜಿನಿಯರು, ಯಾರ ಮನಸ್ಸನ್ನೂ ನೋಯಿಸದ ಪ್ರಾಣಿ. ಸುಮ್ಮನೆ ಕರೆತರುವುದು ಬಿಟ್ಟು, ವಿಜಯವಾಡದಲ್ಲಿರುವ ಓನರು ವಿಜಯಲಕ್ಷ್ಮಿಯವರಿಗೆ ಫೋನು ಮಾಡಿ ಅಪ್ಪಣೆ ಕೇಳಿದರು. ಹೀಗೂ ಉಂಟೇ? ಆಕೆಯ ಮನೆ ಬೆಂಜ್ ಸರ್ಕಲ್ಲಿನಲ್ಲಿ, ಹಾರ್ನುಗಳ ಗದ್ದಲದ ನಡುವೆಯೂ ಮಾತು ಸ್ಪಷ್ಟವಾಗಿ ಕೇಳಿಸಿತು.

'ಧನಂಜಯಗಾರೂ, ನನಗೂ ಅವರು ಅಮ್ಮನ ಹಾಗೇ. ಆದರೆ ಒಳಗೆ ಬೇಡ. ಒಳಗೇನಾದರೂ ಆದರೆ ನೀವು ಮನೆ ಖಾಲಿ ಮಾಡಬೇಕಾಗುತ್ತದೆ.'

'ಸರೇ ಅಂಡಿ,' ಎಂದರು ಇವರು.

'ಏನ್ ಸರಿ?' ಎಂದು ನಾನು ಹರಿಹಾಯ್ದೆ.

'ನೇಹಾಗೆ ಇಂಟರ್ ಪರೀಕ್ಷೆ, ಸೀತಾ. ಈಗ ಎಲ್ಲಿ ಅಂತ ಮನೆ ಹುಡುಕೋದು?'

ಅದೂ ಸುಳ್ಳಲ್ಲ, ಇಂಟರ್ ಅಂದರೆ ನಮ್ಮ ಕಡೆಯ ಪಿಯುಸಿ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಆಂಬುಲೆನ್ಸು ಮಧ್ಯಾಹ್ನ ಬಂದು ನಿಂತಾಗ ಸ್ಟಿಲ್ಟಿನಲ್ಲಿ ಮಂಚ ಸಿದ್ಧವಾಗಿತ್ತು. ಅಸೋಸಿಯೇಷನ್ ಪ್ರೆಸಿಡೆಂಟ್ ಕಾಮೇಶ್ವರ ರಾವ್ ತಮ್ಮ ಕಾರನ್ನು ರಸ್ತೆಗೆ ಹಾಕಿ, ನೆಲ ತೊಳೆಸಿ, ಕಂಬದಿಂದ ಕಂಬಕ್ಕೆ ಬೆಡ್‌ಶೀಟಿನ ಪರದೆ ಕಟ್ಟಿಸಿ, ಟೇಬಲ್ ಫ್ಯಾನು ಬೇರೆ ತಂದಿಟ್ಟಿದ್ದರು. ಗಾಳಿ ಚೆನ್ನಾಗಿ ಬರುತ್ತದೆ ಅಮ್ಮಾ ಎಂದು ತೆಲುಗಿನಲ್ಲಿ ಮೆಲ್ಲಗೆ ಹೇಳಿದರು. ಬೈಯೋಣವೆಂದರೆ ಮನುಷ್ಯ ಒಳ್ಳೆಯವರು. ನನಗೆ ಅಳು ಬಂತು.

ಸ್ಟ್ರೆಚರು ನಮ್ಮ ಲಿಫ್ಟಿನಲ್ಲಿ ಹಿಡಿಸುವುದಿಲ್ಲ. ವಾಚ್‌ಮನ್ನನ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ತಂದೆ.

'ಹಟ ಮಾಡ್ಬೇಡ ಸೀತಾ.'

'ಇನ್ನೂ ಜೀವ ಇದೆ ರೀ. ನಿಮ್ಮಮ್ಮ ಇವ್ರು.'

ಇವರು ತಾವೇ ಅತ್ತೆಯನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ಲಿಫ್ಟಿನಲ್ಲಿ ಕುರ್ಚಿ ಮತ್ತು ನಾನು, ಅಷ್ಟಕ್ಕೇ ಜಾಗ. ಇವರು ಮೆಟ್ಟಿಲು ಹತ್ತಿ ಓಡಿದರು, ಕಾಮೇಶ್ವರ ರಾವ್ ಹಿಂದೆ ಹೋದರು.

ಅತ್ತೆ ನನ್ನ ಹೊಟ್ಟೆಗೆ ತಲೆ ಆನಿಸಿದ್ದರು. ನನ್ನ ಅಂಗೈ ಅವರ ಎದೆಯ ಮೇಲಿತ್ತು. ಮೊದಲನೇ ಮಹಡಿ ದಾಟುವಾಗ ಒಂದು ಉದ್ದನೆಯ ಉಸಿರು ಬಂತು, ಆಮೇಲೆ ಬರಲಿಲ್ಲ. ಕಾದೆ. 'ಅತ್ತೆ' ಎಂದೆ. ಬರಲಿಲ್ಲ.

ನಮ್ಮ ಮೂರನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಹೋದರು ಅಂತ ನಾನು ಒಂದು ಮಾತು ಅಂದಿದ್ದರೆ ಸಾಕಿತ್ತು. ಲಿಫ್ಟಿನಲ್ಲಿ ಹೋದದ್ದು ಮನೆಯೊಳಗೆ ಹೋದಂತಲ್ಲ, ಕೆಳಗೆ ಮಂಚವಿದೆ, ಫ್ಯಾನು ತಿರುಗುತ್ತಿದೆ, ನಮಗೆ ಮನೆ ಉಳಿಯುತ್ತದೆ. ಇಷ್ಟೆಲ್ಲ ನನಗೆ ಆ ಗಳಿಗೆಯಲ್ಲೇ ಹೊಳೆಯಿತು, ನಾನೇನು ದಡ್ಡಿಯಲ್ಲ.

'ಹೇಗಿದಾರೆ?' ಏದುಸಿರು ಬಿಡುತ್ತಾ ಇವರು ಕೇಳಿದರು.

'ಉಸಿರಾಡ್ತಿದಾರೆ. ಬೇಗ ಎತ್ಕೊಳ್ಳಿ.'

ಎತ್ತಿಕೊಂಡರು. ಅತ್ತೆಯ ಕತ್ತು ಇವರ ತೋಳಿನಿಂದಾಚೆ ಜೋತುಬಿತ್ತು. ಹೊಸ್ತಿಲಿನ ಹತ್ತಿರ ನಿಂತು ನನ್ನ ಮುಖ ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ. ಒಳಗೆ ಕಾಲಿಟ್ಟು, ಅವರ ರೂಮಿಗೆ ಹೋಗಿ, ಅವರ ಹಾಸಿಗೆಯ ಮೇಲೆ ಮಲಗಿಸಿದರು.

ನಾನು ಲೋಟದಲ್ಲಿ ನೀರು, ತುಳಸಿ ದಳ ತಂದೆ. ಇವರು ಚಮಚದಲ್ಲಿ ಬಾಯಿಗೆ ಬಿಟ್ಟರು. ನೀರು ಹಾಗೇ ಕಟಬಾಯಿಯಿಂದ ಹೊರಗೆ ಹರಿದು ಕತ್ತಿಗೆ ಇಳಿಯಿತು. ಕಾಮೇಶ್ವರ ರಾವ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ಇವರು ತಮ್ಮ ಶರಟಿನ ತೋಳಿನಿಂದ ಅಮ್ಮನ ಗಲ್ಲ ಒರೆಸಿ, ಎಲ್ಲರಿಗೂ ಕೇಳುವಂತೆ ಹೇಳಿದರು.

'ಕುಡಿದ್ರು.'

ಸ್ವಲ್ಪ ಹೊತ್ತು ಬಿಟ್ಟು ಇವರೇ ವಿಜಯವಾಡಕ್ಕೆ ಫೋನು ಮಾಡಿದರು. 'ಅಮ್ಮ ಹೋದರು ಮೇಡಂ. ಒಳಗೇ, ಅವರ ಹಾಸಿಗೆ ಮೇಲೇ ಹೋದರು. ನಾವು ಖಾಲಿ ಮಾಡುತ್ತೇವೆ,' ಎಂದು ತೆಲುಗಿನಲ್ಲಿ ಹೇಳಿ, ಆ ಕಡೆಯಿಂದ ಉತ್ತರ ಬರುವ ಮೊದಲೇ ಫೋನು ಇಟ್ಟುಬಿಟ್ಟರು. ಆಮೇಲೆ ಅಮ್ಮನ ಕಾಲು ಹಿಡಿದುಕೊಂಡು ಗಟ್ಟಿಯಾಗಿ ಅತ್ತರು.