ಮುಕ್ಕಾಲು ಪಾಲಿನ ಬೀಗ

ಎಪಿಫಾನಿಯೊ ಲುಹಾನ್ ಬೆಳಗಿನಿಂದ ತಲೆಮರೆಸಿಕೊಂಡು ತಿರುಗುತ್ತಿದ್ದ. ಐವತ್ತು ದಾಟಿದ ಕುರಿಗಾಹಿ ಮನೆತನದವನು, ನ್ಯೂ ಮೆಕ್ಸಿಕೊ ರಾಜ್ಯವಾಗುವ ಹೊತ್ತಿನಲ್ಲಿ ಅದರ ಸಂವಿಧಾನ ಬರೆಯಲು ಸಾಂತಾ ಫೆಗೆ ಬಂದಿದ್ದ ಪ್ರತಿನಿಧಿ. ಅಷ್ಟು ದೊಡ್ಡ ಮನುಷ್ಯ ಹೆದರಿದ್ದು ಯಾರಿಗೆ? ತನ್ನ ಮಗಳು ಲಾಲಿಯಾಳನ್ನು ದೀಕ್ಷಾಸ್ನಾನದ ದಿನ ಕೈಯಲ್ಲಿ ಎತ್ತಿಕೊಂಡಿದ್ದ ದೋನ್ ಸೆಲೆದೋನಿಯೊ ಅಬ್ರೆಯುವಿಗೆ.

ಆ ದಿನದಿಂದ ಇಬ್ಬರೂ ಕೊಂಪಾದ್ರೆಗಳು, ಮಗುವಿನ ಹೆತ್ತ ತಂದೆಗೂ ಜ್ಞಾನತಂದೆಗೂ ಬೆಸೆಯುವ ನಂಟು. ಒಡಹುಟ್ಟಿದವನಿಗೆ ಬೇಕಾದರೆ ಇಲ್ಲ ಎನ್ನಬಹುದು, ಕೊಂಪಾದ್ರೆ ಬಾಯಿಬಿಟ್ಟು ಕೇಳಿದ್ದಕ್ಕೆ ಇಲ್ಲ ಎನ್ನುವಂತಿಲ್ಲ. ಕೇಳುವ ತನಕ ಮಾತ್ರ ಬಿಡುಗಡೆ. ಅದಕ್ಕೇ ಈ ಕಣ್ಣಾಮುಚ್ಚಾಲೆ.

ಮಧ್ಯಾಹ್ನ ಮತಕ್ಕೆ ಬರುವ ಸಂವಿಧಾನದ ಕಲಮು ಸ್ಪ್ಯಾನಿಷ್ ಆಡುವವರ ಓಟು, ಅವರ ಮಕ್ಕಳ ಶಾಲೆ, ನ್ಯಾಯಾಲಯದ ಪಂಚರಲ್ಲಿ ಅವರಿಗಿರುವ ಜಾಗ, ಇವನ್ನು ಕಾಯುವಂಥದು. ಮುಂದೆ ಅದನ್ನು ಬದಲಿಸಬೇಕಾದರೆ ಮತ ಹಾಕಿದವರಲ್ಲಿ ಮುಕ್ಕಾಲು ಪಾಲು ಜನ ಒಪ್ಪಬೇಕು ಎಂಬ ಬೀಗ ಹಾಕಬೇಕೆಂದು ಎಪಿಫಾನಿಯೊನ ಹಟ. ರೈಲಿನಲ್ಲಿ ದಿನವೂ ಇಂಗ್ಲಿಷ್ ಆಡುವವರು ಬಂದಿಳಿಯುತ್ತಿದ್ದಾರೆ. ಅರ್ಧ ಪಾಲು ಸಾಕೆಂದರೆ ಹತ್ತು ವರ್ಷದಲ್ಲಿ ಕಲಮು ಅಳಿಸಿಹೋಗುತ್ತದೆ. ಟೆಕ್ಸಾಸಿನಲ್ಲಿ ಅವನ ಅಣ್ಣ ತನ್ನದೇ ಊರಿನ ನ್ಯಾಯಾಲಯದಲ್ಲಿ ಒಂದು ಮಾತೂ ತಿಳಿಯದೆ ಪೆದ್ದನಂತೆ ಕೂತು ಹುಲ್ಲುಗಾವಲು ಕಳೆದುಕೊಂಡಿದ್ದ.

ದೋನ್ ಸೆಲೆದೋನಿಯೊ ಸಭೆಯ ಇಂಗ್ಲಿಷ್ ವಕೀಲರಿಗೆ ಅರ್ಧ ಪಾಲು ಸಾಕೆಂದು ಮಾತು ಕೊಟ್ಟಿದ್ದ. ಬದಲಿಗೆ ಅವನ ಊರು ಹೊಸ ಜಿಲ್ಲೆಯ ಮುಖ್ಯ ಪಟ್ಟಣವಾಗುತ್ತದೆ. ತಮ್ಮ ಕಣಿವೆಗೆ ಒಡೆಯನಾದ ಅವನೂ ಒಬ್ಬ ಪ್ರತಿನಿಧಿ; ಅಲ್ಲಿನ ಉಳಿದ ಆರು ಪ್ರತಿನಿಧಿಗಳೂ ಅವನು ಆರಿಸಿ ಕಳಿಸಿದವರೇ, ಎಪಿಫಾನಿಯೊ ಸಹ.

"ಏನ್ರೀ ಪ್ರತಿನಿಧಿಗಳೇ, ಹಿತ್ಲಬಾಗ್ಲಲ್ಲಿ ನುಸುಳೋರು ಕೋಳಿಕಳ್ರು ಮಾತ್ರ," ಎಂದಳು ಅವನು ತಂಗಿದ್ದ ವಸತಿಗೃಹದ ಒಡತಿ ದೋನ್ಯಾ ರೆಫುಹಿಯೊ. "ದೋನ್ ಸೆಲೆದೋನಿಯೊ ಮೂರು ಸಲ ಬಂದು ಹೋದ್ರು."

"ಏನಂದ್ರು?"

"ಊಟಕ್ಕೆ ಒಟ್ಟಿಗೆ ಕೂರ್ಬೇಕಂತೆ."

ಊಟಕ್ಕೆ ಕೂತರೆ ಮುಗಿಯಿತು. ಕೆಂಪು ಮೆಣಸಿನ ಸಾರನ್ನು ಹಾಗೇ ಬಿಟ್ಟು ಅವನು ಚರ್ಚಿಗೆ ಓಡಿದ. ಮೊಣಕಾಲೂರಿ ಜಪಮಣಿ ಹಿಡಿದರೂ ನಾಲಿಗೆ ಹೊರಳಲಿಲ್ಲ. ಹೀಗೆ ಎಷ್ಟು ಹೊತ್ತು? ಸಭಾಂಗಣದಲ್ಲಾದರೂ ಹಿಡಿದೇ ಹಿಡಿಯುತ್ತಾನೆ. ಹಿಡಿದರೆ ಕೇಳುತ್ತಾನೆ, ಕೇಳಿದರೆ ಕೊಡಬೇಕು.

ಆಗ ಅವನಿಗೆ ಹೊಳೆಯಿತು: ಕೇಳುವ ಹಕ್ಕು ಅವನೊಬ್ಬನದೇ ಅಲ್ಲವಲ್ಲ!

ಸಭಾಂಗಣದ ಹೊರಗಿನ ಕಂಬಗಳ ಪಡಸಾಲೆಯಲ್ಲಿ ದೋನ್ ಸೆಲೆದೋನಿಯೊ ಕೋಲೂರಿ ನಿಂತಿದ್ದ. ಕಂಡೊಡನೆ ತೋಳು ಚಾಚಿದ. "ಕೊಂಪಾದ್ರೆ! ಹೆಂಡ್ತಿಯಿಂದ ತಪ್ಪಿಸ್ಕೊಳ್ಳೋ ಹಾಗೆ ತಪ್ಪಿಸ್ಕೋತೀರಲ್ಲ! ಒಂದು ಸಣ್ಣ ವಿಷ್ಯ..."

ಎಪಿಫಾನಿಯೊ ಟೋಪಿ ತೆಗೆದು ತಾನೇ ಮುಂದಾದ.

"ಕೊಂಪಾದ್ರೆ, ಲಾಲಿಯಾ ಮೇಲಾಣೆ, ಮೊದ್ಲು ನಾನು ಕೇಳ್ತೀನಿ. ಮುಕ್ಕಾಲು ಪಾಲಿಗೆ ಹೌದು ಅನ್ನಿ."

ಸುತ್ತ ನಿಂತಿದ್ದ ಕಣಿವೆಯವರೆಲ್ಲ ಕೇಳಿಸಿಕೊಂಡರು. ದೋನ್ ಸೆಲೆದೋನಿಯೊನ ಚಾಚಿದ ತೋಳು ನಿಧಾನವಾಗಿ ಕೆಳಗಿಳಿಯಿತು.

"ನನ್ನ ಮರ್ಯಾದೆ ಏನಾಗುತ್ತೆ ಗೊತ್ತಾ ನಿಮ್ಗೆ? ಕೊಟ್ಟ ಮಾತಿದೆ."

"ಗೊತ್ತು. ಅದಕ್ಕೇ ನಿಮ್ಮನ್ನೇ ಕೇಳ್ತಿದೀನಿ."

ದೋನ್ ಸೆಲೆದೋನಿಯೊ ಕೋಲೂರುತ್ತ ಒಳನಡೆದ.

ಹೆಸರು ಕೂಗಿ ಮತ ಎಣಿಸುವ ಪದ್ಧತಿ. ಅಕ್ಷರದ ಸಾಲಿನಲ್ಲಿ ಅಬ್ರೆಯುವೇ ಮೊದಲು. ಗುಮಾಸ್ತ ಹೆಸರು ಕೂಗಿದ. ಎದ್ದು ನಿಂತ ದೋನ್ ಸೆಲೆದೋನಿಯೊ ವಕೀಲರ ಕಡೆ ನೋಡಿದ, ಆಮೇಲೆ ಮೇಲಿನ ತೊಲೆಗಳನ್ನು ನೋಡಿದ.

"ಹೌದು," ಎಂದ ದೋನ್ ಸೆಲೆದೋನಿಯೊ.

ವಕೀಲನೊಬ್ಬ ಮೇಜು ಗುದ್ದಿ ಎದ್ದ. ಕಣಿವೆಯ ಉಳಿದವರಿಗೆ ಕಲಮು ತಿಳಿದಿತ್ತೋ ಇಲ್ಲವೋ. ಒಡೆಯ ಹೌದು ಎಂದ, ಅವರೂ ಸರದಿ ಬಂದಂತೆ ಹೌದು ಎಂದರು. ಅಜ್ಜಂದಿರೂ ಹಾಗೇ ಮಾಡಿದ್ದರು. ಜನ ಯಾರಿಗೂ ತಲೆಬಾಗದೆ ಬದುಕಲಿ ಎಂದು ಬರೆದ ಮಾತು ತಲೆಬಾಗುವವರಿಂದಲೇ ಗೆದ್ದಿತು. ಎಪಿಫಾನಿಯೊ ಸಹ ತನ್ನ ಸರದಿಗೆ ಎದ್ದು ಹೌದು ಎಂದ.

ಹೊರಗೆ ಅವನು ದೋನ್ ಸೆಲೆದೋನಿಯೊಗಾಗಿ ಕಾದು ನಿಂತ.

"ದೇವ್ರು ನಿಮ್ಗೆ ಒಳ್ಳೇದು ಮಾಡ್ಲಿ, ಕೊಂಪಾದ್ರೆ."

ದೋನ್ ಸೆಲೆದೋನಿಯೊ ಕೈಗವಸು ತೊಡುತ್ತ ನಿಂತ. "ಲಾಲಿಯಾ ಮದ್ವೆಗೆ ಬರ್ತೀನಿ. ಆ ಮಗೂದೇನು ತಪ್ಪಿಲ್ಲ." ಎರಡು ಮೆಟ್ಟಿಲು ಇಳಿದು, ಹಿಂತಿರುಗದೆ ಹೇಳಿದ: "ಚಳಿ ಇದೆ, ಟೋಪಿ ಹಾಕ್ಕೊಳ್ಳಿ, ಸೆನ್ಯೋರ್ ಲುಹಾನ್."

ಹದಿನೆಂಟು ವರ್ಷದಲ್ಲಿ ಆ ಬಾಯಿಂದ ಕೊಂಪಾದ್ರೆ ಎಂಬ ಮಾತಲ್ಲದೆ ಬೇರೆ ಹೆಸರನ್ನು ಎಪಿಫಾನಿಯೊ ಕೇಳಿರಲಿಲ್ಲ.