ಗೋಡೆಯಾಚೆಯ ಮೂರನೆಯ ಸಾಲು

ಅಂದಪ್ಪ ಮಾಸ್ತರರು ಬೀಸುವ ಪದಗಳ ಪುಸ್ತಕ ಮಾಡಲು ಹೊರಟಾಗ, ಯಾವುದು ಇರಬೇಕು ಯಾವುದು ಬೇಡ ಎಂದು ಆರಿಸಲು ಮೂವರನ್ನು ಕೂಡಿಸಿದರು. ಒಬ್ಬರು ಅವರೇ. ಇನ್ನೊಬ್ಬರು ಮೊಹರಮ್ಮಿನಲ್ಲಿ ರಿವಾಯತ ಹಾಡುವ ಜಾಫರಸಾಬರು. ಮೂರನೆಯವಳು ನಾನು. ಇಳಕಲ್ಲಿನಲ್ಲಿ ನನಗಿಂತ ಚೆನ್ನಾಗಿ ಹಾಡುವವರು ಓಣಿಗೊಬ್ಬರಿದ್ದರು. ಆದರೆ ತಲೆ ನೆರೆತ ಮೇಲೆ ಮಾಸ್ತರರ ರಾತ್ರಿಸಾಲೆಗೆ ಹೋಗಿ ಅಕ್ಷರ ಕಲಿತ ಹೆಂಗಸು ನಾನೊಬ್ಬಳೇ. ಬರೆದದ್ದನ್ನು ಓದಿ "ಹೀಗೆ ಹಾಡಿದ್ದಲ್ಲ" ಎನ್ನಲು ಅವರಿಗೆ ಒಬ್ಬಳು ಬೇಕಿತ್ತು.

ಹೊತ್ತು ಇಳಿದ ಮೇಲೆ ಹೆಂಗಸರು ಬಂದು ಹಾಡುವರು, ಮಾಸ್ತರರು ಬರೆದುಕೊಳ್ಳುವರು. ಹಾಡಿದವಳ ಹೆಸರು ಮಾತ್ರ ಹಾಕುವಂತಿರಲಿಲ್ಲ. ಹೆಂಡತಿಯ ಹೆಸರು ಅಚ್ಚಿಗೆ ಹೋದರೆ ಗಂಡಸರು ಸುಮ್ಮನಿರುತ್ತಾರೆಯೇ? ಆರಿಸುವಾಗ ಜಾಫರಸಾಬರು ಧಾಟಿ ನೋಡುತ್ತಿದ್ದರು, ಮಾಸ್ತರರು ಅರ್ಥ ನೋಡುತ್ತಿದ್ದರು. ನಾನು ನೋಡಿದ್ದು ಒಂದೇ: ಹಾಡಿದವಳ ಪರಿಚಯವಿಲ್ಲದವಳಿಗೂ ಪದ ಮುಟ್ಟಬೇಕು.

ಅದಕ್ಕೇ ಗುರುಲಿಂಗವ್ವನ ಪದವನ್ನು ಬೇಡವೆಂದೆ. ಅದರ ತುಂಬ ಬರೀ ಹೆಸರು.

"ಕಲ್ಲವ್ವ ಅಂದ್ರ ಯಾರು?" ಎಂದು ಕೇಳಿದೆ.

"ನಮ್ಮಕ್ಕ. ಶಿರೂರ ಅಗಸಿ ಬಾಗಲತನಾ ಬಂದು ನನ್ನ ಗಂಡನ ಮನಿಗೆ ಕಳಿಸಿದಾಕಿ."

"ಧಾರವಾಡದಾಗ ಓದಾಕಿಗೆ ಅದು ಹೆಂಗ ತಿಳೀಬೇಕು?"

"ಯಾಕ, ಆಕಿಗೆ ಅಕ್ಕ ಇರಂಗಿಲ್ಲೇನು?"

ಇರುತ್ತಾಳೆ. ಆದರೆ ಪದದಲ್ಲಿ ಅಕ್ಕ ಕಾಣುತ್ತಿರಲಿಲ್ಲ, ಹೆಸರಷ್ಟೇ ಕೇಳುತ್ತಿತ್ತು. ಗುರುಲಿಂಗವ್ವ ಮನೆಗೆ ಹೋಗಲಿಲ್ಲ. ಬಾಗಿಲಿಗೆ ಒರಗಿ, ಇನ್ನು ಯಾರದನ್ನು ತೆಗೆಯುತ್ತಾಳೆ ನೋಡೋಣ ಎಂಬಂತೆ ಕುಳಿತಳು.

ಕೊನೆಗೆ ಒಂದು ಪದಕ್ಕೆ ಜಾಗ ಉಳಿಯಿತು. "ರೇಣವ್ವಾರ, ಎಲ್ಲಾರದೂ ಆತು. ನಿಮ್ದೊಂದು ಬರಲಿ," ಎಂದರು ಮಾಸ್ತರರು. ಪುಸ್ತಕದ ಒಂದು ಗಂಟು ಸೊಲ್ಲಾಪುರಕ್ಕೂ ಹೋಗುತ್ತದೆ, ಅಲ್ಲಿರುವ ನಮ್ಮೂರ ನೇಕಾರರು ಕೇಳಿದ್ದಾರೆ ಎಂದೂ ಹೇಳಿದರು. ಸೊಲ್ಲಾಪುರ ಎಂದ ಕೂಡಲೇ ನನ್ನ ಬಾಯಿಗೆ ಆ ಪದ ಬಂತು.

ನಮ್ಮ ಮನೆಗೂ ಲಾಡಬಿಯ ಮನೆಗೂ ನಡುವೆ ಒಂದು ಮಣ್ಣಿನ ಗೋಡೆ. ಈ ಕಡೆ ನನ್ನ ಬೀಸುಕಲ್ಲು, ಆ ಕಡೆ ಅವಳದು. ನಸುಕಿನಲ್ಲಿ ನಾನು ಎರಡು ಸಾಲು ಹಾಡಿದರೆ ಮೂರನೆಯದು ಗೋಡೆಯಾಚೆಯಿಂದ ಬರುತ್ತಿತ್ತು. ನನ್ನ ಎರಡು ಸಾಲು ಎಂದೂ ಬದಲಾಗಲಿಲ್ಲ. ಅವಳ ಒಂದು ಸಾಲು ಎಂದೂ ಅದೇ ಇರಲಿಲ್ಲ. ಹಿಂದಿನ ದಿನ ಏನಾಗಿತ್ತೋ ಅದನ್ನು ಸಾಲು ಕಟ್ಟಿ ಈ ಕಡೆ ಒಗೆಯುತ್ತಿದ್ದಳು. ಅತ್ತೆಯ ಸಿಟ್ಟು, ಹರಿದ ಎಳೆ, ಹೊಟ್ಟೆಯಲ್ಲಿ ಹೊರಳಿದ ಕೂಸು, ಎಲ್ಲವೂ ನನಗೆ ಗೊತ್ತಾದದ್ದು ಹಾಗೆಯೇ. ಮಗ್ಗ ನಂಬಿ ಹೊಟ್ಟೆ ತುಂಬದಾದಾಗ ಅವಳ ಗಂಡ ರಾಜಮಹ್ಮದ ಮನೆಮಂದಿಯನ್ನೆಲ್ಲ ಚಕ್ಕಡಿಯಲ್ಲಿ ಬಾಗಲಕೋಟೆಗೆ ಒಯ್ದು ರೈಲು ಹತ್ತಿಸಿದ. ಸೊಲ್ಲಾಪುರದ ಗಿರಣಿಗೆ ಹೋದರೆಂದು ಮಾತ್ರ ತಿಳಿಯಿತು. ಆಮೇಲೆ ಊರೂರಿಗೆ ಜ್ವರ ಬಂತು. ಅವಳು ಉಳಿದಳೋ ಇಲ್ಲವೋ ಹೇಳುವವರಿರಲಿಲ್ಲ.

ನನ್ನ ಎರಡು ಸಾಲು ಹಾಡಿದೆ:

ಗ್ವಾಡಿಯಾಚಿನ ಗೆಳತಿ ನಿದ್ದಿ ಹತ್ತಿತೇನ
ಬೆಳ್ಳಿಚಿಕ್ಕಿ ಮೂಡಿ ಮೊಳ ಬಂತ

"ಮೂರನೇದು?" ಎಂದರು ಮಾಸ್ತರರು.

ಲಾಡಬಿಯ ಮೂರನೆಯ ಸಾಲುಗಳಲ್ಲಿ ಎರಡನ್ನು ಹೇಳಿದೆ. ಒಂದು:

ನಾ ನನ್ನ ನಿದ್ದಿ ಬೀಸಿ ಹಿಟ್ಟ ಮಾಡೇನ

ಇನ್ನೊಂದು:

ರೇಣವ್ವ, ನಿಮ್ಮ ಬೆಕ್ಕ ನಮ್ಮ ಹಾಲ ಕುಡದೈತಿ

ಜಾಫರಸಾಬರು ನಕ್ಕು ಕೆಮ್ಮಿದರು. "ಬೆಕ್ಕಿಂದು ಅಚ್ಚ ಹಾಕಿದ್ರ ಪುಸ್ತಕದ ಹತ್ರ ಇಲಿ ಬರಂಗಿಲ್ಲ ಬಿಡ್ರಿ. ಅದೊಂದು ಲಾಭ."

"ನಿದ್ದೀದು ಬರಕೋತೇನಿ," ಎಂದು ಮಾಸ್ತರರು ಟಾಕನ್ನು ಮಸಿಯಲ್ಲಿ ಅದ್ದಿದರು.

"ತಡೀರಿ. ಬೆಕ್ಕಿಂದು ಬರೀರಿ," ಎಂದೆ.

ಅವರು ನನ್ನ ಮುಖ ನೋಡಿದರು. ಹೇಗೆ ತಿಳಿಸಿ ಹೇಳಲಿ? ನಿದ್ದೆಯ ಸಾಲನ್ನು ಯಾವ ಊರಿನ ಯಾವ ಹೆಂಗಸಾದರೂ ತನ್ನದೆಂದು ಹಾಡಿಕೊಂಡಾಳು. ಬೆಕ್ಕಿನ ಸಾಲನ್ನು ಸೊಲ್ಲಾಪುರದಲ್ಲಿ ಯಾರಾದರೂ ಓದಿ ಹೇಳಿದರೆ, ಕೈಯೊಳಗಿನ ಕೆಲಸ ಬಿಟ್ಟು ಏಳುವವಳು ಒಬ್ಬಳೇ. ಇಳಕಲ್ಲಿನಲ್ಲಿ ರೇಣವ್ವ ಇನ್ನೂ ಇದ್ದಾಳೆ, ಕರೆಯುತ್ತಿದ್ದಾಳೆ ಎಂದು ಅವಳಿಗೆ ತಿಳಿಯುತ್ತಿತ್ತು. ನನಗೆ ಬೇಕಾದದ್ದು ಅಷ್ಟೇ.

ಬಾಗಿಲಲ್ಲಿದ್ದ ಗುರುಲಿಂಗವ್ವ ಸುಮ್ಮನಿರಲಿಲ್ಲ. "ನಮ್ಮ ಕಲ್ಲವ್ವಕ್ಕ ಯಾರಿಗೂ ಗೊತ್ತಿಲ್ಲಂದಿ. ನಿನ್ನ ಬೆಕ್ಕ ಧಾರವಾಡದಾಗ ಯಾರ್ಯಾರಿಗೆ ಗೊತ್ತೈತಿ? ಅಲ್ಲೂ ಹೋಗಿ ಹಾಲ ಕುಡದು ಬಂದೈತೇನು?"

ಎಲ್ಲರೂ ನಕ್ಕರು. ಮಾಸ್ತರರೂ ನಕ್ಕರು. ಆಮೇಲೆ ಮೆಲ್ಲಗೆ, "ಪದ ನಿಮ್ಮದೈತಿ. ನೀವs ಹೇಳ್ರಿ," ಎಂದರು.

ಯಾರೋ ಬಾದಾಮಿಯ ಕಡೆಯವಳು ಈ ಪದ ತಂದಿದ್ದಾಳೆ, ನಾನು ಅವಳನ್ನು ಕಂಡೇ ಇಲ್ಲ ಎಂದುಕೊಂಡು ಎರಡನ್ನೂ ಮತ್ತೆ ಅಂದು ನೋಡಿದೆ. ಬೆಕ್ಕಿನ ಸಾಲಿಗೆ ನಗು ಬಂತು, ಹೋಯಿತು. ನಿದ್ದೆಯ ಸಾಲಿಗೆ, ಅವಳು ಅದನ್ನು ಮೊದಲ ಸಲ ಹಾಡಿದ ಬೆಳಗ್ಗೆ ನನ್ನ ಕಲ್ಲು ನಿಂತಂತೆ, ಈಗಲೂ ಉಸಿರು ನಿಂತಿತು. ಬೇರೆಯವರ ಪದವಾಗಿದ್ದರೆ ಯಾವುದನ್ನು ಇಡಲಿ ಎಂದು ಕೇಳುವ ಮಾತೇ ಇರಲಿಲ್ಲ.

"ನಿದ್ದೀದು ಬರೀರಿ ಮಾಸ್ತರ," ಎಂದೆ.

ಗುರುಲಿಂಗವ್ವ ಎದ್ದು ಸೆರಗು ಝಾಡಿಸಿದಳು. "ಇನ್ನ ನಮ್ಮಕ್ಕಂದು ಬಿಟ್ಟದ್ದಕ್ಕ ನನಗೇನೂ ಸಿಟ್ಟಿಲ್ಲವ್ವಾ," ಎಂದು ಹೇಳಿ ಹೋದಳು.

ಪುಸ್ತಕ ಅಚ್ಚಾಯಿತು. ಗಂಟು ಸೊಲ್ಲಾಪುರಕ್ಕೂ ಹೋಯಿತು. ದೀಪಾವಳಿ ಕಳೆದ ಮೇಲೆ, ಇಳಕಲ್ ಸೀರೆಯ ಗಂಟು ಹೊತ್ತು ಅಲ್ಲಿಯ ಓಣಿ ತಿರುಗುವ ಮಲಕಪ್ಪ ಊರಿಗೆ ಬಂದ. ಬಂದವನೇ ನಮ್ಮ ಕಟ್ಟೆಗೆ ಕುಳಿತು, "ಎವ್ವಾ, ನಿದ್ದಿ ಬೀಸೂ ಪದ ಅಲ್ಲಿ ಕಲ್ಲಕಲ್ಲಿಗೂ ಕೇಳಸ್ತೈತಿ," ಎಂದ.

"ಯಾರದು ಅಂತಾರ?"

"ಎಲ್ಲಾರೂ ತಮ್ದs ಅಂತಾರ. ಒಬ್ಬಾಕಿ ನಮ್ಮವ್ವ ಕಟ್ಟಿದ್ದು ಅಂತಾಳ, ಇನ್ನೊಬ್ಬಾಕಿ ನಮ್ಮ ವಿಜಾಪುರದ್ದು ಅಂತಾಳ. ಜಗಳನs ನಡದೈತಿ."

ಅದನ್ನು ಕೇಳಿ ಮಾಸ್ತರರು ಹಿಗ್ಗಿದರು. ಆರಿಸಿದವಳು ನಾನು, ನಾನೂ ಹಿಗ್ಗಬೇಕಿತ್ತು.

"ಅವರೊಳಗ ಲಾಡಬಿ ಅನ್ನಾಕಿ ಅದಾಳೇನು?"

"ಸೊಲ್ಲಾಪುರದಾಗ ಲಾಡಬಿ ಸಂದಿಗೊಬ್ಬಾಕಿ ಅದಾಳ. ಯಾವ ಲಾಡಬೀನ್ನ ಹುಡುಕಲಿ?"

"ಮತ್ತ ಯಾವಾಗ ಹೋಗ್ತಿ?"

"ಸಂಕ್ರಮಣ ಆದಮ್ಯಾಲೆ."

"ಹೋದಾಗ ಎಲ್ಲಾ ಲಾಡಬಿಗೂ ಮೊದಲಿನ ಎರಡು ಸಾಲು ಹೇಳು. ಹೇಳಿ ಬಾಯಿ ಮುಚ್ಚಿಕೊಂಡು ಕೂಡು. ಮೂರನೇದು ಪುಸ್ತಕದಾಗಿಂದು ಹೇಳಿದ್ರ ಸೀರಿ ತೋರಿಸಿ ಮುಂದ ನಡಿ. ಪುಸ್ತಕದಾಗ ಇಲ್ಲದ್ದು ಯಾರ ಬಾಯಾಗ ಬರ್ತೈತಿ ನೋಡು, ಆಕೀನs."

"ಭಾಳ ದಿನಾ ಹಿಡೀತೈತಲ್ಲವ್ವ."

"ಹಿಡೀಲಿ. ಈಗ ಅಂದು ತೋರಿಸು."

ಮಲಕಪ್ಪ ಗಂಟಲು ಸರಿಮಾಡಿಕೊಂಡು ಸೀರೆ ಮಾರುವ ದನಿಯಲ್ಲೇ ಎರಡು ಸಾಲು ಅಂದ. ರೂಢಿಯಂತೆ ಮೂರನೆಯದಕ್ಕೂ ಬಾಯಿ ತೆರೆದ. ಕೈಯೆತ್ತಿ ನಿಲ್ಲಿಸಿದೆ. ಮತ್ತೆ ಅನ್ನಿಸಿದೆ. ಅವನು ಎರಡಕ್ಕೇ ನಿಲ್ಲುವುದನ್ನು ಕಲಿಯುವವರೆಗೆ ಕಟ್ಟೆಯಿಂದ ಏಳಗೊಡಲಿಲ್ಲ.