ಮೂರನೆಯ ಲೋಟ

ಎರಡನೆಯ ಸುತ್ತಿನ ಚಹಾಕ್ಕೆ ಸಕ್ಕರೆ ಹಾಕಿದ್ದೆನೋ ಇಲ್ಲವೋ ಎಂಬುದು ಎಂಬಾರ್ಕಾಗೆ ನೆನಪಾಗಲಿಲ್ಲ. ಇನ್ನೊಂದು ಹಿಡಿ ಸುರಿದಳು. ಜೀಪಿನ ಸದ್ದು ಕೇಳಿದಂತಾಗಿ ಹೊರಗೆ ಇಣುಕಿದಳು. ಜೀಪಲ್ಲ, ಪಕ್ಕದ ಡೇರೆಯ ತಗಡು ಗಾಳಿಗೆ ಬಡಿದುಕೊಳ್ಳುತ್ತಿತ್ತು. ರೂಢಿಯಂತೆ ಮೂರನೆಯ ಲೋಟ ಆದಮೇಲೆ ಅತಿಥಿಯನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಜೀಪು ಬರುತ್ತದೆ, ಎನ್ಕಾರ್ನಾ ಸ್ಪೇನಿಗೆ ಹೊರಟುಬಿಡುತ್ತಾಳೆ. ಅಷ್ಟರೊಳಗೆ ಮಾತು ಮುಗಿಯಬೇಕು.

ಮರುಭೂಮಿಯ ಈ ನಿರಾಶ್ರಿತರ ಶಿಬಿರದ ಮಕ್ಕಳೆಲ್ಲ ಬೇಸಿಗೆಯ ಬಿಸಿಲು ತಪ್ಪಿಸಿಕೊಳ್ಳಲು ಸ್ಪೇನಿನ ಮನೆಗಳಿಗೆ ಹೋಗುವಂತೆ ಎಂಬಾರ್ಕಾಳ ಮಗಳು ಸಲ್ಕಾ ಎರಡು ಬೇಸಿಗೆ ಎನ್ಕಾರ್ನಾಳ ಮನೆಯಲ್ಲಿದ್ದಳು. ಈಗ ಆಕೆಯೇ ಬಂದಿದ್ದಾಳೆ, ಬ್ಯಾಗಿನ ತುಂಬ ಬೂಟು, ಔಷಧಿ, ಆಲಿವ್ ಎಣ್ಣೆ ಹೊತ್ತುಕೊಂಡು. ಒಳ್ಳೆಯ ಹೆಂಗಸು. ಅದೇ ಕಷ್ಟ. ಕೆಟ್ಟವಳಾಗಿದ್ದರೆ ಬೈದು ಕಳಿಸಬಹುದಿತ್ತು.

ಬಂದ ದಿನವೇ ಎಂಬಾರ್ಕಾ ಮೈಗೆ ಸುತ್ತಿದ್ದ ನೀಲಿ ಮೆಲ್ಹ್ಫಾ ನೋಡಿ "ಎಷ್ಟು ಚೆನ್ನಾಗಿದೆ!" ಅಂದಿದ್ದಳು ಎನ್ಕಾರ್ನಾ. ಅಂದದ್ದೇ ತಡ, ಎಂಬಾರ್ಕಾ ಬೇರೆಯದು ಸುತ್ತಿಕೊಂಡು ಬಂದು ಅದನ್ನು ಅವಳ ಹೆಗಲಿಗೆ ಹಾಕಿದಳು. ಅತಿಥಿ ಮೆಚ್ಚಿದ್ದನ್ನು ಕೊಡದಿದ್ದರೆ ಆ ಡೇರೆಗೆ ಮರ್ಯಾದೆಯೇ? ಈಗ ಅದೇ ನೀಲಿ ಬಟ್ಟೆಯಲ್ಲಿ, ಜಾರುವ ಸೆರಗನ್ನು ಮತ್ತೆಮತ್ತೆ ಎಳೆದುಕೊಳ್ಳುತ್ತ, ಎನ್ಕಾರ್ನಾ ಹುಡುಗಿಯನ್ನೇ ಕಳಿಸಿಕೊಡಿ ಎಂದು ಕೇಳುತ್ತಿದ್ದಳು.

"ಸಲ್ಕಾ ನಮ್ಮಲ್ಲೇ ಇದ್ದು ಓದ್ಲಿ. ವರ್ಷಪೂರ್ತಿ. ಅವಳ ರೂಮಿಗೆ ಬಣ್ಣಾನೂ ಹೊಡೆಸಿದೀನಿ."

ಎಂಬಾರ್ಕಾಗೆ ಒಂದೊಂದು ಮಾತೂ ಅರ್ಥವಾಯಿತು. ಶಿಬಿರದ ಮಹಿಳಾ ಕೇಂದ್ರದಲ್ಲಿ ಎರಡು ವರ್ಷ ಸ್ಪ್ಯಾನಿಷ್ ಕಲಿತವಳು ಅವಳು. ಹಿಟ್ಟು ನಾದುವಾಗ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾಳೆ, ಆಡುಗಳನ್ನು ಸ್ಪ್ಯಾನಿಷಿನಲ್ಲೇ ಬೈಯುತ್ತಾಳೆ. ಆದರೆ ಸ್ಪೇನಿನವರ ಮುಖ ಕಂಡರೆ ಸಾಕು, ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಹೋದ ವರ್ಷ ಸ್ಪೇನಿನ ದಂತವೈದ್ಯರ ತಂಡ ಬಂದಾಗ ಧೈರ್ಯಮಾಡಿ ಬಾಯಿ ತೆರೆದಿದ್ದಳು. ಮಗು ಪದ್ಯ ಒಪ್ಪಿಸಿದಂತೆ ಒಂದೇ ಉಸಿರಿಗೆ ಹೇಳಿದಳು. ಇಡೀ ಕೋಣೆ ನಕ್ಕಿತು. ನಾದಿನಿ ಮಹ್ಫೂದಾ ಅದನ್ನೇ ತಿಂಗಳುಗಟ್ಟಲೆ ಅಣಕಿಸಿದ್ದಳು. "ಬಾಯಲ್ಲಿ ಖರ್ಜೂರ ಇಟ್ಕೊಂಡು ಮಾತಾಡಿದ್ಯಾ ಅತ್ತಿಗೆ?"

ಕ್ಯೂಬಾದಲ್ಲಿ ಸ್ಪ್ಯಾನಿಷಿನಲ್ಲೇ ಓದಿ ಬಂದ ಮಹ್ಫೂದಾಳೇ ಈಗ ದುಭಾಷಿ.

"ಏನಂದ್ಲು ಗೊತ್ತಾಯ್ತಾ?" ಮಹ್ಫೂದಾ ತಮ್ಮ ಭಾಷೆಯಲ್ಲಿ ಕೇಳಿದಳು.

"ಗೊತ್ತಾಯ್ತು. ಆಗಲ್ಲ ಅನ್ನು."

"ನಮ್ಮ ಚಾಪೆ ಮೇಲೆ ಕೂತಿರೋರಿಗೆ ಮುಖಕ್ಕೆ ಹೊಡೆದ ಹಾಗೆ ಆಗಲ್ಲ ಅನ್ನೋದಾ? ಅಣ್ಣ ಇದ್ದಿದ್ರೂ ಹಾಗೆ ಅಂತಿರ್ಲಿಲ್ಲ."

"ನಿಮ್ಮಣ್ಣ ಲಾರಿ ಹೊಡ್ಕೊಂಡು ಅಷ್ಟು ದೂರದ ನುವಾದಿಬುನಲ್ಲಿದಾನೆ. ನೀನೇ ನೋಡ್ಕೋ ಅಂದ. ಮೆಚ್ಚಿದ್ದೆಲ್ಲ ಕೊಡೋಕೆ ಮಗಳೇನು ಮೆಲ್ಹ್ಫಾನಾ? ಹೇಳೇ."

ಮಹ್ಫೂದಾ ಎನ್ಕಾರ್ನಾ ಕಡೆ ತಿರುಗಿ ಸಿಹಿಯಾಗಿ ನಕ್ಕಳು. "ತುಂಬ ಸಂತೋಷ ಅಂತಾರೆ. ದೇವರ ಚಿತ್ತ ಇದ್ದರೆ ಆಗುತ್ತೆ."

ದೇವರ ಚಿತ್ತ! ಶಿಬಿರದಲ್ಲಿ ಹುಟ್ಟಿದ ಯಾರಿಗಾದರೂ ಅದು 'ಇಲ್ಲ' ಎಂದೇ ಕೇಳಿಸುತ್ತಿತ್ತು. ಎನ್ಕಾರ್ನಾಗೆ ಏನು ಗೊತ್ತು? ಅವಳ ಕಣ್ಣು ತುಂಬಿಬಂತು. ಪಕ್ಕದಲ್ಲಿದ್ದ ಸಲ್ಕಾಳನ್ನು ಬಾಚಿ ತಬ್ಬಿಕೊಂಡಳು. ನೀಲಿ ಬಟ್ಟೆಯ ಮಡಿಕೆಯೊಳಗಿಂದ ಹುಡುಗಿ ತಾಯಿಯನ್ನು ದಿಟ್ಟಿಸಿದಳು. ಬೆಳಿಗ್ಗೆಯೇ ಹೇಳಿದ್ದಳು: "ನಾನು ಹೋಗಲ್ಲ ಅಂತ ಅವಳಿಗೆ ನಾನೇ ಹೇಗಮ್ಮ ಹೇಳ್ಲಿ? ಅತ್ತುಬಿಡ್ತಾಳೆ. ನೀನೇ ಹೇಳಮ್ಮ."

ಮೂರನೆಯ ಸುತ್ತಿಗೆ ನೀರು ಕುದಿಯಿತು. ಎಂಬಾರ್ಕಾ ನೊರೆ ಬರಲೆಂದು ಲೋಟದಿಂದ ಲೋಟಕ್ಕೆ ಎತ್ತಿ ಸುರಿದಳು. ಅರ್ಧ ತಟ್ಟೆಗೆ ಹೋಯಿತು. ಮಾತುಗಳೆಲ್ಲ ತಲೆಯೊಳಗೆ ಸಾಲಾಗಿ ನಿಂತಿದ್ದವು, ಬಾಯಿಗೆ ಬರುತ್ತಿರಲಿಲ್ಲ. ನಗಲಿ, ನಕ್ಕರೆ ಹಲ್ಲು ಕಾಣುತ್ತೆ, ಅಷ್ಟೇ. ಸುಮ್ಮನಿದ್ದರೆ ಮಗಳೇ ಹೋಗುತ್ತಾಳೆ. ಲೋಟವನ್ನು ಎನ್ಕಾರ್ನಾ ಮುಂದಿಟ್ಟಳು, ಆದರೆ ಬೆರಳು ಬಿಡಲಿಲ್ಲ.

"ಎನ್ಕಾರ್ನಾ," ಎಂದಳು ಸ್ಪ್ಯಾನಿಷಿನಲ್ಲಿ. ತನ್ನ ದನಿ ತನಗೇ ಯಾರದೋ ಎನಿಸಿತು. "ಸಲ್ಕಾ ಹೋಗೋದು ಇಲ್ಲ. ನಾನು... ಬೇಡ."

ಮಹ್ಫೂದಾ ಗಾಬರಿಯಿಂದ ನಡುವೆ ಬಂದಳು. "ಅತ್ತಿಗೆ, ನಾನು ಹೇಳ್ತೀನಿ ಬಿಡು..."

"ನೀನು ಸುಮ್ನಿರು." ಮತ್ತೆ ಎನ್ಕಾರ್ನಾ ಕಡೆ ತಿರುಗಿದಳು. ಬೆವರು ಕತ್ತಿನಿಂದ ಇಳಿಯುತ್ತಿತ್ತು. "ನೀನು ಒಳ್ಳೆ. ತುಂಬ ಒಳ್ಳೆ. ಬೇಸಿಗೆ ನಿಂದು. ಚಳಿಗಾಲ ನಂದು. ಅವಳು ಮಗಳು. ನನ್ನ."

ಯಾರೂ ನಗಲಿಲ್ಲ. ಎನ್ಕಾರ್ನಾಳ ಮುಖ ಕೆಂಪೇರಿ ಬಾಡಿತು. ಅವಳ ತೋಳು ಸಡಿಲವಾಯಿತು, ಸಲ್ಕಾ ಮೆಲ್ಲನೆ ಈಚೆ ಸರಿದಳು. ಆಮೇಲೆ ಎನ್ಕಾರ್ನಾ ಮಾತಾಡಿದಳು, ಅಳುತ್ತ, ಕೈಯಾಡಿಸುತ್ತ, ಹಿಂದೆಮುಂದೆ ನೋಡದೆ ಗಡಗಡನೆ. ಎಂಬಾರ್ಕಾಗೆ ಅಲ್ಲೊಂದು ಇಲ್ಲೊಂದು ಪದ ಬಿಟ್ಟರೆ ಏನೂ ಸಿಗಲಿಲ್ಲ. ಹೊರಗೆ ಈ ಸಲ ನಿಜಕ್ಕೂ ಜೀಪು ಬಂದು ನಿಂತು ಹಾರ್ನ್ ಮಾಡಿತು.

ಮಹ್ಫೂದಾ ಬಾಯಿ ತೆರೆದಳು. ಎಂಬಾರ್ಕಾ ಕೈಯೆತ್ತಿ ತಡೆದಳು.

"ನಿಧಾನ," ಎಂದಳು ಎನ್ಕಾರ್ನಾಗೆ. "ನಂಗೆ ಬರುತ್ತೆ. ನೀನು ನಿಧಾನವಾಗಿ ಹೇಳು."

ಎನ್ಕಾರ್ನಾ ಸೆರಗಿನಿಂದ ಮೂಗು ಒರೆಸಿಕೊಂಡಳು. ಜೀಪು ಮತ್ತೆ ಹಾರ್ನ್ ಮಾಡಿತು. ಅವಳು ಎದ್ದು ಹೋಗಲಿಲ್ಲ. ಚಾಪೆಯ ಮೇಲೆ ಇನ್ನಷ್ಟು ಹತ್ತಿರ ಸರಿದು ಮೊದಲಿನಿಂದ, ಒಂದೊಂದೇ ಪದ ಬಿಡಿಸಿ ಹೇಳತೊಡಗಿದಳು. ಎಂಬಾರ್ಕಾ ಅವಳ ತುಟಿಗಳನ್ನೇ ನೋಡುತ್ತ ತಲೆಯಾಡಿಸಿದಳು. ಇಬ್ಬರ ನಡುವೆ ಮೂರನೆಯ ಲೋಟದ ನೊರೆ ಇಳಿಯುತ್ತಿತ್ತು. ಅದನ್ನು ಯಾರೂ ಮುಟ್ಟಲಿಲ್ಲ.